ತಿರುಗಿ ಬಾರದವರೆಲ್ಲ ಗುಣ

ಅಕ್ಕಾ,

ಕನಸಿನಲ್ಲಿ ನೀನು ಮತ್ತೆ ನಮ್ಮ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದೆ. ನಾನು ಎಷ್ಟು ಕೂಗಿದರೂ ಚೀಟಿ ಹಿಡಿದುಕೊಂಡು ಮನೆಯ ಕಡೆಗೇ ಹೊರಟುಬಿಟ್ಟೆ.

ಅವತ್ತು ನಿನ್ನನ್ನು ನೋಡಿದ ಆ ಡಾಕ್ಟರು ಇವತ್ತು ಆಸ್ಪತ್ರೆಯವರ ಮೀಟಿಂಗಿನಲ್ಲಿ, ವರ್ಷವಿಡೀ ಎದೆನೋವೆಂದು ಬಂದವರ ಲೆಕ್ಕ ತೆಗೆದು ಗೋಡೆಯ ಮೇಲೆ ತೋರಿಸಿದರು. "ನನ್ನ ತಪ್ಪು ನಾನೇ ಹುಡುಕ್ಕೋಬೇಕು" ಅಂದರು. ಪರೀಕ್ಷೆ ಮಾಡಿಸದೆ ಮನೆಗೆ ಕಳಿಸಿದವರಲ್ಲಿ ನೂರಕ್ಕೆ ತೊಂಬತ್ತೆಂಟು ಜನ ಗುಣವಾಗಿದ್ದಾರಂತೆ. ಇನ್ನು ಮೇಲೂ ಹಾಗೇ ಕಳಿಸುತ್ತಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ರಿಜಿಸ್ಟರು ಹೊತ್ತು ತಂದುಕೊಟ್ಟವನು ನಾನೇ. ಅಂಜುತ್ತಲೇ ಕೇಳಿದೆ: "ಸಾರ್, ತಿರುಗಿ ಬರದೇ ಇದ್ದೋರೆಲ್ಲ ಗುಣ ಆದೋರಾ?"

"ಮತ್ತೆ? ಚೆನ್ನಾಗಿರೋರು ನಿನ್ನ ಮುಖ ನೋಡೋಕೆ ಬರ್ತಾರೇನಪ್ಪಾ?"

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ಹದಿನೈದು ದಿನ ತಿರುಗಿ ಬಾರದವರ ಹೆಸರಿನ ಮುಂದೆ 'ಗುಣ' ಎಂದು ಬರೆಯುವುದು ನಮ್ಮಲ್ಲಿಯ ಪದ್ಧತಿ. ನಿನ್ನ ಹೆಸರಿನ ಮುಂದೆಯೂ ಹಾಗೇ ಇದೆ. ನಿನ್ನ ಎದೆನೋವನ್ನು ಅವರು ಗ್ಯಾಸೆಂದು ಕಳಿಸಿದ ಮೂರನೇ ದಿನ ಅಡುಗೆಮನೆಯಲ್ಲಿ ಬಿದ್ದ ನೀನು ಮತ್ತೆ ಏಳಲಿಲ್ಲ. ನಾನು ನಿನ್ನ ತಿಥಿಯ ರಜೆ ಮುಗಿಸಿ ಬಂದು, ಬಾಕಿ ಬಿದ್ದ ಪುಟಗಳನ್ನೆಲ್ಲ ತಲೆಯೆತ್ತದೆ, ಹೆಸರೂ ಓದದೆ ತುಂಬಿದೆ.

ನಾಳೆ ಆ ಪುಟ ತೆರೆದು ಅವರ ಮೇಜಿನ ಮೇಲೆ ಇಡಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕೈಹಿಡಿದು ಅಕ್ಷರ ತಿದ್ದಿಸಿದವಳು ನೀನು. ಆ 'ಗುಣ' ನನ್ನ ಕೈಬರಹವೇ ಹೌದಾ, ಇನ್ನೊಂದು ಸಲ ನೋಡಿ ಹೇಳು.