ಹಸೆ ಬರೆದವಳನ್ನು ಮತ್ತೆ ಅಳಿಸಬೇಡಿ

ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ಮರ್ಯಾದೆ ಕಾಯುವ ಕೆಲಸವನ್ನು ನಿಮಗೆ ಒಪ್ಪಿಸಿದವರು ಯಾರು? ನನ್ನ ಮೊಮ್ಮಗಳು ಹರ್ಷಿಣಿಯ ಪಿಎಚ್.ಡಿ. ಪ್ರಬಂಧದಿಂದ ಮದುವೆ ಹಾಡುಗಳ ಅಧ್ಯಾಯವನ್ನು ತೆಗೆಯದಿದ್ದರೆ ಪ್ರಬಂಧವನ್ನೇ ಸ್ವೀಕರಿಸುವುದಿಲ್ಲ ಎಂದು ಆದೇಶ ಹೊರಡಿಸಿದ್ದೀರಿ. ಅದರಲ್ಲಿರುವ ಮಾರ್ಕ್ಸ್‌ವಾದಿ ವಿಮರ್ಶೆ ಗೃಹಿಣಿಯರ ಗೌರವಕ್ಕೆ ಧಕ್ಕೆ ತರುತ್ತದಂತೆ. ಆ ಗೃಹಿಣಿ ನಾನು. ಧಕ್ಕೆಯಾಗಿರುವುದೂ ನಿಜ. ಆದರೆ ನಾನು ಯಾರಿಗೂ ದೂರು ಕೊಟ್ಟಿಲ್ಲ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಕೇಂದ್ರ ಸರ್ಕಾರದಲ್ಲಿ ಅಧಿಕಾರಿಯಾಗಿದ್ದ ಯಜಮಾನರ ಜೊತೆ ದೆಹಲಿಗೆ ಬಂದವಳು, ಈಗ ಘಾಜಿಯಾಬಾದಿನಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿಯ ಕನ್ನಡಿಗರ ಮದುವೆಗಳಲ್ಲಿ ವಧೂವರರನ್ನು ಹಸೆಗೆ ಕರೆಯುವ ಹಾಡು ನನ್ನದೇ. ನಾನು ಹೇಳಿದ ಸಾಲನ್ನು ಹಿಂದೆ ಕೂತು ಮತ್ತೆ ಹೇಳುವವಳು, ಅಂದರೆ ಸೊಲ್ಲು ಹಿಡಿಯುವವಳು, ವಿಜಯಮ್ಮ. ಅವಳ ಗಂಡ ನಮ್ಮ ಯಜಮಾನರ ಕಚೇರಿಯಲ್ಲೇ ಜವಾನರಾಗಿದ್ದವರು. ನೆಲ ಒರೆಸಿ ಹಸೆ ಬರೆಯುವವಳೂ ಅವಳೇ.

"ಅಜ್ಜಿ, ಹಾಡಲ್ಲಿ ಮುತ್ತಿನ ಹಸೆ ಇದೆ, ಚಿನ್ನದ ಮಣೆ ಇದೆ. ಹಸೆ ಬರೆದವಳು ಕಹಾಂ ಹೈ, ಎಲ್ಲಿದ್ದಾಳೆ?" ಎಂದು ಒಂದು ದಿನ ಹರ್ಷಿಣಿ ಕೇಳಿದಳು.

"ನೆಲ ಒರೆಸಿದವಳ ಮೇಲೆ ಯಾರಾದ್ರೂ ಹಾಡು ಕಟ್ತಾರೇನೇ?"

"ಬಸ್, ಅಜ್ಜಿ! ಅದೇ ನನ್ನ ಚಾಪ್ಟರ್."

ಬರೆದೇಬಿಟ್ಟಳು. ಹಾಡು ಮುಗಿದ ಮೇಲೆ ನನಗೆ ಸೀರೆ, ವಿಜಯಮ್ಮನಿಗೆ ತೆಂಗಿನಕಾಯಿ. ಉಡುಗೊರೆ ಕೊಡುವಾಗ ಜನ ಅಳೆಯುವುದು ಕಂಠವನ್ನಲ್ಲ, ಗಂಡಂದಿರ ಹುದ್ದೆಯನ್ನು ಎಂದು. ನನಗೆ ಮೈಯೆಲ್ಲ ಉರಿಯಿತು. ಆ ಹಾಡಿನಲ್ಲಿ ದೇವರಿದ್ದಾನೆ, ಸಂಭ್ರಮವಿದೆ, ತವರು ಬಿಡುವ ಸಂಕಟವಿದೆ. ಇವಳಿಗೆ ಕಂಡದ್ದು ಕೂಲಿ ಮಾತ್ರವೇ? ಎಲ್ಲವನ್ನೂ ವರ್ಗದ ತಕ್ಕಡಿಗೆ ಹಾಕುವವರಿಗೆ ರಾಗ ಕೇಳಿಸುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಅವಳೊಡನೆ ಮಾತು ಬಿಟ್ಟೆ.

ಆದರೆ ಮೊನ್ನೆ ದೆಹಲಿಯ ವಸಂತ್ ಕುಂಜ್‌ನ ಮದುವೆಯೊಂದರಲ್ಲಿ ಮೊದಲ ಸಾಲು ಎತ್ತಿದವಳು ಯಾಕೋ ಹಿಂದೆ ತಿರುಗಿ ನೋಡಿದೆ. ವಿಜಯಮ್ಮ ಬೆರಳಿಗಂಟಿದ ರಂಗೋಲಿ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ನನ್ನ ಸಾಲು ಮುಗಿಯುವುದನ್ನೇ ಕಾಯುತ್ತಿದ್ದಳು. ಇಷ್ಟು ವರ್ಷ ನಾನು ತಿರುಗಿಯೇ ಇರಲಿಲ್ಲ. ಮುಂದಿನ ಸಾಲು ನಾಲಿಗೆಗೆ ಬರಲಿಲ್ಲ.

ಇದಕ್ಕೆ ಉತ್ತರ ಹುಡುಕಬೇಕಾದವಳು ನಾನು. ಮೊಮ್ಮಗಳ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬರಬಹುದಂತೆ. ಅಲ್ಲಿ ಎದ್ದು ನಿಂತು ನಾಲ್ಕು ಮಾತು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನೀವು ಅಧ್ಯಾಯವನ್ನೇ ಕೀಳಲು ಹೊರಟಿರಿ. ಜಗಳಕ್ಕೆ ಎದುರಾಳಿಯೇ ಇಲ್ಲದಂತೆ ಮಾಡುವುದು ಯಾವ ಸೀಮೆಯ ಗೌರವ?

ಕೇಳಲು ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತ ಕುರ್ಚಿ ಕೊಟ್ಟ, ಚಹಾ ಕೊಟ್ಟ. "ಮಾತಾಜಿ, ಆಪ್ ಕೇ ಸಮ್ಮಾನ್ ಕೇ ಲಿಯೇ ಹೀ ತೋ ಹಟವಾ ರಹೇ ಹೈಂ" ಎಂದ. ನನ್ನ ಗೌರವಕ್ಕಾಗಿಯೇ ತೆಗೆಸುತ್ತಿರುವುದಂತೆ! ಹಾಗಾದರೆ ಆ ಗೌರವಸ್ಥೆಗೆ ಸಾಹೇಬರು ಮುಖ ತೋರಿಸಲಿ ಎಂದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ಮರುದಿನ ಹೋದಾಗಲೂ ಮೀಟಿಂಗಿನಲ್ಲೇ ಇದ್ದರು. ಮನೆಯಲ್ಲಿ ನಾನು ಕೆಮ್ಮಿದರೆ ಸಾಕು, ಟಿವಿ ಸದ್ದು ತಗ್ಗುತ್ತದೆ. ನಿಮ್ಮ ಬಾಗಿಲಲ್ಲಿ ನನ್ನ ದನಿಗೆ ಚಹಾದಷ್ಟೂ ಬೆಲೆಯಿಲ್ಲ.

ಹರ್ಷಿಣಿ ಅಧ್ಯಾಯ ತೆಗೆಯಲಾರೆ ಎನ್ನುತ್ತಾಳೆ. ತೆಗೆಯದಿದ್ದರೆ ಪದವಿಯಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಮಾತು ಬಿಟ್ಟ ನಾನೇ ಸೋತು ತಟ್ಟೆ ಹಿಡಿದು ಹೋದರೆ, "ಛೋಡೋ ಅಜ್ಜಿ, ಬಿಡು, ನೀನೇ ಗೆದ್ದೆ" ಅನ್ನುತ್ತಾಳೆ. ಇಂಥ ಗೆಲುವನ್ನು ಇಟ್ಟುಕೊಂಡು ನಾನೇನು ಮಾಡಲಿ?

ವಿಜಯಮ್ಮನಿಗೆ ವಿಷಯ ತಿಳಿಸಿದೆ. ಅವಳು, "ಅಕ್ಕಾವ್ರೇ, ಅದರಲ್ಲಿ ನನ್ನ ಹೆಸರಿತ್ತಂತಲ್ಲ. ಅದೂ ಹೋಯ್ತಾ?" ಎಂದಳು. ಅವತ್ತೇ ಈ ಪತ್ರ ಬರೆಯಲು ಕೂತೆ.

ಅವಳ ಹೆಸರು ಹಾಡಿನಲ್ಲಿಲ್ಲ. ಅದು ನಮ್ಮ ಹಿರಿಯರು ಮಾಡಿದ್ದು. ಪ್ರಬಂಧದಲ್ಲೂ ಇಲ್ಲದಿದ್ದರೆ, ಅದು ನೀವು ಮಾಡಿದ್ದು. ಎರಡಕ್ಕೂ ನನ್ನ ಗೌರವವನ್ನು ನೆಪ ಮಾಡಬೇಡಿ. ಅಧ್ಯಾಯವನ್ನು ಇದ್ದ ಹಾಗೇ ಸ್ವೀಕರಿಸಿ. ತಪ್ಪಿದ್ದರೆ ಪರೀಕ್ಷಕರು ಹೇಳಲಿ, ನಾನೂ ಹೇಳುತ್ತೇನೆ. ಆ ಸೀರೆಯ ಮಾತನ್ನು ಮಾತ್ರ ಯಾರೂ ಮುಟ್ಟಕೂಡದು. ಅದಕ್ಕೆ ಉತ್ತರ ಇನ್ನೂ ನನಗೆ ಸಿಕ್ಕಿಲ್ಲ.

ಇಂತಿ,
ನೀವು ಕಾಪಾಡಲು ಹೊರಟ ಗೌರವದ ವಾರಸುದಾರಳು, ಮುಂದಿನ ಸಾಲು ಮರೆತು ಕೂತಿರುವ
ರತ್ನಪ್ರಭಾ ನಾರಾಯಣಸ್ವಾಮಿ
ಘಾಜಿಯಾಬಾದ್