ಕಾರ್ನೋರ ನರೆ

ಮಂಗಳೂರು
9 ಡಿಸೆಂಬರ್ 2024

ನನ್ನ ಅವ್ವನಿಗೆ,

ಯಶಸ್ವಿಯ ನಮಸ್ಕಾರ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ನೀನು ಅಳುತ್ತೀ, ಆಮೇಲೆ ನಾನೂ. ಅದಕ್ಕೆ ಬರೆದು ಜೀಪಿನ ಸಲಾಂ ಅವರ ಕೈಯಲ್ಲಿ ಕೋಡಿಂಬಾಳಕ್ಕೆ ಕಳಿಸುತ್ತಿದ್ದೇನೆ. ಓದಿದ ಮೇಲೆ ಅವರ ಜೀಪಿನಲ್ಲೇ ಹೊರಟುಬಿಡು.

ಉಲ್ಲಾಸಣ್ಣನಿಗೆ ನನ್ನ ಮೂಳೆಮಜ್ಜೆ ಆಗುವುದಿಲ್ಲವಂತೆ. ತಾಳೆಯಾಗಿದ್ದು ನಿಜ, ಆದರೂ ಇಲ್ಲಿಯ ಆಸ್ಪತ್ರೆಯವರು ಬೇಡ ಎಂದರು. ಕಾರಣ ನೀನು ಬಂದ ಮೇಲೆ ಹೇಳುತ್ತೇನೆ. ತಂಗಿಯ ತಲೆಯಲ್ಲಿ ಕಾರ್ನೋರ ನರೆ ಇದೆ, ಅವಳ ಮಜ್ಜೆಯೇ ಅಣ್ಣನನ್ನು ಉಳಿಸುತ್ತದೆ ಎಂದು ನೀನು ಊರಿಡೀ ಹೇಳಿಕೊಂಡು ಬಂದಿದ್ದೀ. ಇನ್ನು ಹೇಳಬೇಡ ಅವ್ವಾ.

ನಮ್ಮ ಮನೆಗೆ ಆ ಬಿಳಿ ಕೂದಲಿನದ್ದೇ ಹೆಮ್ಮೆಯಲ್ಲವೇ? ಮಾಯಿಲಪ್ಪಜ್ಜನ ತಲೆ ಮೂವತ್ತೈದಕ್ಕೆ ಬೆಳ್ಳಗಾಯಿತು, ಅಪ್ಪನದು ಇಪ್ಪತ್ತೈದಕ್ಕೆ, ಅಣ್ಣನದು ಹದಿನೈದಕ್ಕೇ. ಕಾರ್ನೋರು, ತೀರಿಹೋದ ನಮ್ಮ ಹಿರಿಯರು, ನಮಗೆ ಬೇಗ ಬೇಗ ಒಲಿಯುತ್ತಿದ್ದಾರೆಂದು ಹಿಗ್ಗಿದೆವು. ಗುರುಕಾರ್ನೋರಿಗೆ ಬಡಿಸುವ ದಿನ ಮೊದಲ ಎಲೆಗೆ ನರೆ ಬಂದವರ ಕೈಯೇ ಆಗಬೇಕು. ಐವತ್ತಾದರೂ ಒಂದು ಕೂದಲು ಬೆಳ್ಳಗಾಗದ ನೀನು ಅಡಿಗೆಮನೆಯ ಬಾಗಿಲಲ್ಲೇ ನಿಂತಿರುತ್ತಿದ್ದೆ. ಅಪ್ಪ ಉಸಿರು ಸಿಕ್ಕದೆ ಹೋದಾಗ ರಬ್ಬರ್ ಶೀಟು ಒಣಗಿಸುವ ಹೊಗೆಗೂಡನ್ನು ಬೈದೆವು. ಅಪ್ಪನ ಶ್ವಾಸಕೋಶ ಕೆಟ್ಟದ್ದೂ ಅಣ್ಣನ ಮಜ್ಜೆ ಬತ್ತಿದ್ದೂ ಒಂದೇ ರೋಗವಂತೆ. ನರೆ ಅದರ ಮೊದಲ ಗುರುತು.

ಡಾಕ್ಟರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಮೈಯ ಒಂದೊಂದು ಜೀವಕೋಶದೊಳಗೂ ಕ್ರೋಮೋಸೋಮುಗಳು ಇರುತ್ತವೆ. ಕೋಶ ಎರಡಾದಾಗಲೆಲ್ಲ ಅವುಗಳ ತುದಿ ಚೂರು ಸವೆಯುತ್ತದೆ. ಸವೆದದ್ದನ್ನು ತುಂಬಿಸಲು ಟೆಲೊಮರೇಸ್ ಎಂಬ ಕಿಣ್ವವಿದೆ. ಅದರ ಹೊಟ್ಟೆಯಲ್ಲೊಂದು ಆರ್‌ಎನ್‌ಎ ಎಳೆ, ಆ ಎಳೆಯಲ್ಲಿ ನೋಡಿ ಬರೆಯಲಿಕ್ಕೊಂದು ಪುಟ್ಟ ಮಾದರಿ. ಟ್ಯಾಪಿಂಗ್ ಶುರುಮಾಡುವ ಮೊದಲು ಅಪ್ಪ ರಬ್ಬರ್ ಮರಕ್ಕೆ ಸುತ್ತಿ, ಹಾಲಿಳಿಸಲು ಎಲ್ಲಿ ಕೊಯ್ಯಬೇಕೆಂದು ಗೆರೆ ಹಾಕುತ್ತಿದ್ದ ತಗಡು ನೆನಪಿದೆಯಲ್ಲ? ತಗಡು ನೆಟ್ಟಗಿದ್ದರೂ ಅದನ್ನು ಕೋಲಿಗೆ ಹೊಡೆದ ಮೊಳೆ ಸಡಿಲವಾದರೆ ಗೆರೆ ತಪ್ಪುತ್ತಿತ್ತು. ಇಲ್ಲಿಯೂ ಮಾದರಿ ಸರಿಯೇ ಇದೆ. ಎಳೆ ಮಡಚಿಕೊಂಡು ನಿಲ್ಲಬೇಕಾದ ಒಂದು ಮಡಿಕೆ ಮಾತ್ರ ನಿಲ್ಲುವುದಿಲ್ಲ, ಕಿಣ್ವಕ್ಕೆ ಹಿಡಿತ ಸಿಗುವುದಿಲ್ಲ. ತುದಿಗಳು ಮೋಟಾಗುತ್ತವೆ, ಆ ಮೋಟು ತುದಿಯೇ ಮಕ್ಕಳಿಗೂ ಬರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಬೇಗ ಬೇಗ ಬಂದದ್ದು ಕಾರ್ನೋರಲ್ಲ ಅವ್ವಾ, ಇದು.

ಹೋದ ತಿಂಗಳು ನಿನ್ನ ರಕ್ತವನ್ನೂ ತೆಗೆದಿದ್ದರಲ್ಲ, ಅದರಲ್ಲಿ ಈ ತಪ್ಪು ಇಲ್ಲ. ಅರ್ಧ ತಾಳೆಯಾದರೂ ಸಾಕು, ತಾಯಿಯದೇ ಕೊಡೋಣ ಎನ್ನುತ್ತಾರೆ. ಉಳಿಯುತ್ತಾನೆಂದು ಯಾರೂ ಮಾತು ಕೊಟ್ಟಿಲ್ಲ, ಇದೊಂದೇ ದಾರಿ ಎಂದಿದ್ದಾರೆ. ಹೊರಗಿನಿಂದ ಬಂದವಳೆಂದು ಬಾಗಿಲಲ್ಲಿ ನಿಲ್ಲಿಸಿದ ನಿನ್ನನ್ನೇ ಈಗ ಕೇಳಬೇಕಾಗಿದೆ. ನನಗೆ ನಾಚಿಕೆಯಾಗುತ್ತದೆ.

ಅಣ್ಣ ತುಂಬಾ ಸೋತಿದ್ದಾನೆ, ತಮಾಷೆ ಮಾತ್ರ ಬಿಟ್ಟಿಲ್ಲ. ನನ್ನ ಮಜ್ಜೆ ಸಿಗುತ್ತದೆಂದೇ ಇನ್ನೂ ನಂಬಿದ್ದಾನೆ. ನಿನ್ನೆ ನನ್ನ ಕೈ ಹಿಡಿದು, "ನಂಗೇ ಎಲ್ಲ ಕೊಟ್ರೆ ನಿಂಗೆ ಎಂತ ಉಂಟು ಮಾರಾಯ್ತಿ?" ಎಂದ. ನಾನು ನಕ್ಕು, ನೀರು ತರುವ ನೆಪದಲ್ಲಿ ಹೊರಗೆ ಬಂದು ಅತ್ತೆ.

ಬೇಗ ಬಾ.

ನಿನ್ನ ದಾರಿ ನೋಡುತ್ತಿರುವ
ಯಶಸ್ವಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನನ್ನದು ಯಾಕೆ ಬೇಡವೆಂದರು ಎಂದು ದಾರಿಯುದ್ದಕ್ಕೂ ನೀನು ಯೋಚಿಸುತ್ತೀ. ಅಣ್ಣನಲ್ಲಿರುವ ತಪ್ಪೇ ನನ್ನಲ್ಲೂ ಇದೆ ಅವ್ವಾ. ನೀನು ಎಲ್ಲಕ್ಕಿಂತ ಮೊದಲು ಎಣ್ಣೆ ಹಚ್ಚುತ್ತಿದ್ದ ನನ್ನ ತಲೆಯ ಆ ಬಿಳಿ ಎಳೆ ಅದರದೇ ಗುರುತು. ಅಣ್ಣನಿಗೆ ಹೇಳಬೇಡ. ಮುಂದೆ ನನಗೂ ಬೇಕಾದರೆ ತಾಯಿ ಎರಡು ಸಲವೂ ಕೊಡಬಹುದು ಎಂದರೆ ಅವನು ನಂಬುವವನಲ್ಲ. ಅವ್ವನದು ತಂಗಿಗಿರಲಿ ಎಂದುಬಿಡುತ್ತಾನೆ.