ಕ್ರಾಪ್ ಮಾಡದ ಫೋಟೊ

ಅಕ್ಟೋಬರ್ 8, ಬುಧವಾರ

ಸೆಲ್ ನಾಲ್ಕೂ ಚಾರ್ಜಿಗೆ ಹಾಕಿದೆ. ಎರಡಕ್ಕೆ ವಯಸ್ಸಾಗಿದೆ. ಹತ್ತು ಫೋಟೊಗೇ ಉಸ್ಸಪ್ಪಾ ಅನ್ನುತ್ತವೆ. ಕ್ಯಾಮೆರಾಗೇ ಹದಿನೈದು ವರ್ಷ, ಸೆಲ್ಲನ್ನು ಬೈದು ಏನು ಬಂತು.

ನಾಲ್ಕೂವರೆಗೆ ಮೆಡಿಕಲ್ ಸ್ಟೋರನ್ನು ಗಂಡ ಭರತೇಶ್‌ಗೆ ಒಪ್ಪಿಸಿ ಜಿನನಾಥಪುರದಾಚೆಯ ಹಳೇ ಕಲ್ಲುಕ್ವಾರಿಗೆ. ಕೊಂಬಿನ ಗೂಬೆ ಜೋಡಿ ಇತ್ತು. ಹೆಣ್ಣು ಬಂಡೆಯ ಸಂದಿಯಲ್ಲಿ, ಪೂರ್ತಿ ಬೆಳಕಲ್ಲಿ! ಒಂದು ಫೋಟೊ ಕಾರ್ಡಿಗೆ ಇಳಿಯೋದಕ್ಕೆ ಕ್ಯಾಮೆರಾ ಯೋಚನೆ ಮಾಡ್ತಾ ಕೂತಿತು. ಅದು ಯೋಚನೆ ಮುಗಿಸುವವರೆಗೂ ಗೂಬೆ ಕಾದಿತ್ತು.

ಬಂದಕೂಡಲೇ ಹಳೇ ಕ್ಯಾಮೆರಾ ಬಳಗದ ಗ್ರೂಪಿಗೆ ಹಾಕಿದೆ. ನಮ್ಮಲ್ಲಿ ಒಂದೇ ಕಟ್ಟಳೆ. ಕ್ರಾಪ್ ಇಲ್ಲ, ಎಡಿಟ್ ಇಲ್ಲ. ಕ್ಯಾಮೆರಾ ಕೊಟ್ಟದ್ದು ಕೊಟ್ಟ ಹಾಗೆ. ಲಕ್ಷಗಟ್ಟಲೆ ಲೆನ್ಸಿನವರ ಮುಂದೆ ನಮ್ಮ ಜಂಬ ಇರೋದೇ ಅಷ್ಟರಲ್ಲಿ.

ಊಟಕ್ಕೆ ಕೂತಾಗ ಹೊತ್ತು ಮುಳುಗೋದರಲ್ಲಿತ್ತು. ಜೈನರ ಮನೆ, ಕತ್ತಲಾದ ಮೇಲೆ ಊಟವಿಲ್ಲ. ಅತ್ತೆಯ ಮುಖ ಊದಿತ್ತು. "ಗೂಬೆ ಏಳೋ ಹೊತ್ತಿಗೆ ನಮ್ಮದು ಊಟ ಆಗಿರ್ಬೇಕು ಕಣಮ್ಮ. ನೀನು ಅದರ ಜೊತೆ ಎದ್ದೇಳ್ತೀಯ."

ಅ. 9, ಗುರುವಾರ

ಗ್ರೂಪಲ್ಲಿ ಹೊಗಳಿಕೆಯೋ ಹೊಗಳಿಕೆ. ಹೊಸಬ ಒಬ್ಬ, ರವೀಶ್ ಅಂತೆ, ಹಿರೀಸಾವೆಯಂತೆ, ನನಗೊಬ್ಬಳಿಗೇ ಬೇರೆಯಾಗಿ ಮೆಸೇಜ್ ಮಾಡಿದ್ದ. ಜೋಡಿನಾ? ದಿನಾ ಅಲ್ಲೇ ಕೂರ್ತವಾ? ಕೇಳುವವರು ಸಿಕ್ಕರೆ ನನ್ನ ಬಾಯಿ ನಿಲ್ಲುತ್ತದೆಯೆ. ಹೆಣ್ಣೇ ದೊಡ್ಡದು, ಹತ್ತಿರ ಹೋದರೂ ಹಾರಲ್ಲ, ಎಲ್ಲಾ ಬರೆದೆ. ಆಮೇಲೆ ಕೇಳಿದ, ತೂಕ ಎಷ್ಟಿರ್ಬೋದು ಮೇಡಂ?

ತಕ್ಕಡಿ ಒಯ್ದಿರಲಿಲ್ಲ ಅಂತ ತಮಾಷೆ ಮಾಡಿದೆ.

ಅ. 11, ಶನಿವಾರ

ಬಳಗ ನಡೆಸುವ ಕುಮಾರ್ ಫೋನು, ಚನ್ನರಾಯಪಟ್ಟಣದಿಂದ. "ಸಮತಾ ಮೇಡಂ, ಮೊದ್ಲು ಆ ಫೋಟೊ ತೆಗೀರಿ. ಮೂಲೆ ನೋಡುದ್ರಾ?"

ನೋಡಿರಲಿಲ್ಲ. ಎಡಗಡೆ ಮೂಲೆಯಲ್ಲಿ, ದೂರದಲ್ಲಿ, ದೊಡ್ಡಬೆಟ್ಟದ ಮೇಲೆ ನಿಂತ ಸ್ವಾಮಿಯ ಕಲ್ಲಿನ ಮುಖ. ಸ್ವಾಮಿ ನೋಡುವುದು ಉತ್ತರಕ್ಕೆ. ಮುಖ ಕಂಡರೆ ಫೋಟೊ ತೆಗೆದದ್ದು ಜಿನನಾಥಪುರದ ಕಡೆಯಿಂದ ಅಂತ ಈ ಸೀಮೆಯ ಮಕ್ಕಳೂ ಹೇಳುತ್ತವೆ. ಅಲ್ಲಿರುವುದು ಒಂದೇ ಕ್ವಾರಿ.

"ಆ ರವೀಶ್ ಯಾರ್ಗೂ ಗೊತ್ತಿಲ್ಲ. ಈಗ ಫೋನ್ ಸ್ವಿಚಾಫ್. ದೀಪಾವಳಿ ಅಮಾಸೆ ಬಂತು ನೋಡಿ. ಮಾಟಕ್ಕೆ ಅಂತ ಗೂಬೆ ಇಡಿಯೋರು ಸುತ್ತಾ ಅವ್ರೆ. ತೂಕದ ಮೇಲೆ ರೇಟು."

ಫೋನು ಇಟ್ಟ ತಕ್ಷಣ ಫೋಟೊ ಡಿಲೀಟ್ ಮಾಡಿದೆ. ಮಾಡಿ ಏನು ಪ್ರಯೋಜನ... ಜಾಗ ಫೋಟೊ ಹೇಳಿತು, ಮಿಕ್ಕಿದ್ದೆಲ್ಲ ನಾನೇ ಹೇಳಿದೆ.

ಅ. 14, ಮಂಗಳವಾರ

ಅಂಗಡಿಗೆ ಒಬ್ಬ ಬಂದ. ತಲೆನೋವಿನ ಮಾತ್ರೆ ಕೇಳಿದ. ನೋಡಿದ ಮುಖ ಅಲ್ಲ.

"ಕ್ಯಾಮ್ರ ಇಡ್ಕಂಡು ಓಡಾಡೋ ಮೇಡಮ್ಮು ನೀವೇಯಾ?"

ಹೂಂ ಅಂದೆ. ಅಂದ ಮೇಲೆ ಹೊಳೆಯಿತು, ಗೂಬೆಗೆ ಬಂದವನು. ತಟ್ಟನೆ ಹೇಳಿದೆ, "ಆ ಗೂಬೆ ಈಗಿಲ್ಲ. ಹಾರಿಹೋಯ್ತು."

"ಅಂಗಾ? ನೆನ್ನೆ ಸಂಜೆ ಅಲ್ಲೇ ಇತ್ತಲ್ಲ ಕಣಕ್ಕ." ಮಾತ್ರೆ ಜೇಬಿಗೆ ಹಾಕಿಕೊಂಡ. ನಗುತ್ತಲೇ ಇದ್ದ. "ಒಬ್ರೇ ಓಗ್ಬ್ಯಾಡಿ ಅಲ್ಲಿಗೆ. ಆವು ಗೀವು ಇರ್ತವೆ."

ಭರತೇಶ್‌ಗೆ ಹೇಳಿದರೆ, "ಒಂದು ಹಕ್ಕಿಗೋಸ್ಕರ ಯಾಕೆ ಎದುರು ಹಾಕ್ಕೋತೀಯ, ಬಿಡು" ಅಂದರು. ಅವರಿಗೂ ಹೆದರಿಕೆಯೇ. ಅದಕ್ಕೇ ನಾನು ಬೈಯಲಿಲ್ಲ.

ಅ. 15, ಬುಧವಾರ

ಫಾರೆಸ್ಟ್ ಗಾರ್ಡ್ ರಂಗಸ್ವಾಮಿಯವರಿಗೆ ಹೇಳಿದೆ. ಒಳ್ಳೆಯವರು. "ಅಮಾಸೆ ದಿನ ಸಂಜೆ ನಾನೇ ಬತ್ತೀನಿ ಕಣ್ರಮ್ಮ. ನೀವು ಅತ್ತಗೆ ಬರ್ಬ್ಯಾಡಿ."

ಬರಲ್ಲ ಅಂದೆ. ನಿಜವಾಗಿ ಬೇಕಾಗಿದ್ದೂ ಅದೇ. ಬರಬೇಡ ಅಂತ ಯಾರಾದರೂ ಹೇಳಲಿ ಅಂತ.

ಅ. 20, ಸೋಮವಾರ, ಸಂಜೆ 5-30

ಕ್ವಾರಿಯಲ್ಲಿದ್ದೇನೆ. ಮನೆಯಲ್ಲಿ ಕೂರಲಾಗಲಿಲ್ಲ.

ಬಂಡೆಗೆ ಬಿದಿರೇಣಿ ಒರಗಿಸಿಟ್ಟಿದ್ದಾರೆ. ಸರಿಯಾಗಿ ಆ ಸಂದಿಯ ಕೆಳಗೆ. ತಳ್ಳಿ ಬೀಳಿಸಿದೆ. ಮತ್ತೆ ಎತ್ತಿ ನಿಲ್ಲಿಸಲು ಇಬ್ಬರಿಗೆ ಎಷ್ಟು ಹೊತ್ತು. ರಂಗಸ್ವಾಮಿ ಫೋನಲ್ಲಿ ಸಿಕ್ಕರು, ನುಗ್ಗೇಹಳ್ಳಿ ಬಿಟ್ಟಿದ್ದಾರಂತೆ. ಬರೋದು ತಡವಾಗುತ್ತೆ.

ಇರೋದು ಒಂದೇ ದಾರಿ. ಎರಡನ್ನೂ ನಾನೇ ಹೆದರಿಸಿ ಓಡಿಸಬೇಕು.

ಗೂಬೆಗೆ ಫ್ಲ್ಯಾಶ್ ಹೊಡೆಯಬಾರದು. ಇವನ್ನು ನೋಡುತ್ತಿರುವ ಮೂರು ವರ್ಷದಲ್ಲಿ ಒಂದು ಸಲವೂ ಹೊಡೆದಿಲ್ಲ. ಈಗ ಕಣ್ಣಿಗೇ ಹೊಡೆದೆ. ಗಂಡು ಒಂದೇಟಿಗೆ ಹಾರಿತು, ಕೆರೆ ಕಡೆಗೆ.

ಹೆಣ್ಣು ಕೂತೇ ಇದೆ.

5-45

ಫ್ಲ್ಯಾಶ್ ಮತ್ತೆ ತುಂಬೋದಕ್ಕೆ ಹೊತ್ತು ಹಿಡಿಯುತ್ತೆ, ಕೆಂಪು ದೀಪ ಮಿಣುಕುತ್ತಾ ಇರುತ್ತೆ. ಅಷ್ಟರಲ್ಲಿ ಬರೆಯುತ್ತಿದ್ದೇನೆ. ಸುಮ್ಮನೆ ನಿಂತರೆ ಕಿರುಚಿಬಿಡುತ್ತೇನೆ.

ನಾಲ್ಕು ಸಲ ಹೊಡೆದೆ. ಕಣ್ಣು ಮುಚ್ಚಿ ತೆರೆಯಿತು, ಅಷ್ಟೆ. ಬೇರೆ ಯಾರಾಗಿದ್ದರೂ ಹಾರುತ್ತಿತ್ತು. ನಾನು ಅಂತ ಗೊತ್ತು ಅದಕ್ಕೆ. ಹಾರೇ, ನನ್ನಮ್ಮಾ. ನಾನೇ ಕಣೇ ಅವರಿಗೆ ಹೇಳಿದ್ದು.

ಸೆಲ್ ಮುಗಿಯಿತು. ಕ್ಯಾಮೆರಾ ತಾನೇ ಆಫ್ ಆಯಿತು.

ಚಪ್ಪಾಳೆ ತಟ್ಟಿದೆ. ಕೂಗಿದೆ. ಕೆಳಗೆ ದಾರಿಯಲ್ಲಿ ಬರುತ್ತಿದ್ದ ಬೈಕು ನಿಂತಿತು. ಕೇಳಿಸಿಕೊಂಡಿದ್ದಾರೆ. ಮಾತಾಡುತ್ತಿದ್ದಾರೆ. ಹತ್ತುತ್ತಿದ್ದಾರೆ... ರಂಗಸ್ವಾಮಿ ಅಲ್ಲ, ಅವರ ದನಿ ಗೊತ್ತು.

ಕೈಯಲ್ಲಿ ಕಲ್ಲಿದೆ. ಯಾವಾಗ ಎತ್ತಿಕೊಂಡೆನೋ. ಹುಟ್ಟಿದಾಗಿನಿಂದ ಇರುವೆಯ ಮೇಲೂ ಎತ್ತದ ಕೈ.

ಅದಕ್ಕೆ ತಾಗಬಾರದು. ಪಕ್ಕದ ಬಂಡೆಗೆ ಬೀಳಬೇಕು. ಒಂದು ಗೇಣು ಪಕ್ಕಕ್ಕೆ, ಅಷ್ಟೆ. ಇನ್ನೂ ನನ್ನನ್ನೇ ನೋಡುತ್ತಿದೆ. ಗುರಿ ಸ್ವಲ್ಪ ತಪ್ಪಿದರೂ —